ಕುಲೆ ಮದುವೆಯ ವರನಿಗೆ ಮೊದಲೇ ಮದುವೆ ಆಗಿದ್ದರೆ? (ಕಾದಂಬರಿ ಬರೆಯುತ್ತಿದ್ದೇನೆ, ಸಹಾಯ ಬೇಕು)

ಅಟ್ಟದಪೆಟ್ಟಿಗೆ

ಎಲ್ಲರಿಗೂ ನಮಸ್ಕಾರ. ಎರಡು ವರ್ಷದಿಂದ ಒಂದು ಕಾದಂಬರಿ ಬರೆಯುತ್ತಿದ್ದೇನೆ. ಅದರಲ್ಲಿ ದೆವ್ವ ಇದೆ, ಮಾಟಗಾತಿ ಅನ್ನಿಸಿಕೊಂಡ ಮುದುಕಿ ಇದ್ದಾಳೆ, ಒಂದು ಸಾವಿನ ಗುಟ್ಟು ಇದೆ. ಎಲ್ಲದರ ನಡುವೆ ಇಬ್ಬರು ಗಂಡಸರ ಪ್ರೀತಿ ಇದೆ. ಇಂಗ್ಲಿಷ್‌ನಲ್ಲಿ ಇಂಥ ಪುಸ್ತಕ ರಾಶಿ ರಾಶಿ ಸಿಗುತ್ತವೆ. ಹಾಸ್ಟೆಲ್‌ನಲ್ಲಿ ರಾತ್ರಿ ಹೊದಿಕೆಯೊಳಗೆ ಮೊಬೈಲ್ ಇಟ್ಟುಕೊಂಡು ಅವನ್ನೇ ಓದುತ್ತಿದ್ದೆ. ಒಂದಾದರೂ ಕನ್ನಡದಲ್ಲಿ ಇರಲಿ ಅಂತ ಆಸೆ.

ಕತೆ ನಡೆಯುವುದು ಬೆಳ್ತಂಗಡಿ ಕಡೆಯ ಒಂದು ಹಳ್ಳಿಯಲ್ಲಿ. 1991ರ ಆಟಿ (ತುಳುವರ ಮಳೆಗಾಲದ ತಿಂಗಳು) ಅಮಾವಾಸ್ಯೆಯ ದಿನ ಮನೆಯ ಮದುವೆಯಾಗದ ಮಗನೊಬ್ಬ ಸತ್ತಿದ್ದಾನೆ. ಈಗ ಮನೆಯಲ್ಲಿ ಒಂದರ ಮೇಲೊಂದು ತೊಂದರೆ. ಜ್ಯೋತಿಷಿಯಿಂದ ಪ್ರಶ್ನೆ ಇಡಿಸಿದರು. ಸತ್ತವನಿಗೆ ಕುಲೆ ಮದುವೆ ಮಾಡಿಸಿ ಅಂತ ಬಂತು. (ಘಟ್ಟದ ಮೇಲಿನವರಿಗೆ: ತುಳುವಿನಲ್ಲಿ ಕುಲೆ ಅಂದರೆ ಪ್ರೇತ. ಮದುವೆಯಾಗದೆ ಸತ್ತವರಿಗೆ ಅದೇ ಥರ ಸತ್ತ ಇನ್ನೊಂದು ಮನೆಯವರನ್ನು ಹುಡುಕಿ ಮದುವೆ ಮಾಡುತ್ತಾರೆ. 2022ರಲ್ಲಿ ಇಂಥ ಒಂದು ಮದುವೆಯ ವಿವರ ಟ್ವಿಟರ್‌ನಲ್ಲಿ ಓಡಾಡಿತ್ತು. 2024ರಲ್ಲಿ ಪುತ್ತೂರಿನ ಕಡೆಯ ಕುಟುಂಬವೊಂದು ಮೂವತ್ತು ವರ್ಷದ ಹಿಂದೆ ತೀರಿಕೊಂಡ ಮಗಳಿಗೆ ವರ ಬೇಕು ಅಂತ ಪತ್ರಿಕೆಯಲ್ಲಿ ಜಾಹೀರಾತೇ ಕೊಟ್ಟಿತ್ತು.)

ಸತ್ತವನ ಅಳಿಯ, ಅಂದರೆ ಅಕ್ಕನ ಮಗ, ಬೆಂಗಳೂರಿಂದ ಬರುತ್ತಾನೆ. ಹೆಣ್ಣಿನ ಕಡೆಯಿಂದ ಇನ್ನೊಬ್ಬ ಹುಡುಗ ಬರುತ್ತಾನೆ. ಇವರಿಬ್ಬರಿಗೆ ಪ್ರೀತಿ ಹುಟ್ಟುತ್ತದೆ. ಮದುವೆಯ ದಿನ ವಧುವಿನ ಬದಲಿಗೆ ಇಟ್ಟ ಧಾರೆ ಸೀರೆ ಮಣೆಯಿಂದ ಜಾರಿ ಬೀಳುತ್ತದೆ. ಎತ್ತಿಟ್ಟರೆ ಮತ್ತೆ ಬೀಳುತ್ತದೆ. ಮತ್ತೆ ಪ್ರಶ್ನೆ ಇಟ್ಟರೆ ಬರುವ ಉತ್ತರ: "ಇವನಿಗೆ ಮದುವೆ ಆಗಿದೆ."

ಆಗಿದೆ, ಆದರೆ ಯಾರ ಜೊತೆ? ಅದು ಊರಿನ ಅಂಚಿನಲ್ಲಿ ನಾಟಿ ಮದ್ದು ಕೊಡುವ ಮುದುಕಿಗೊಬ್ಬಳಿಗೇ ಗೊತ್ತು. ಊರವರು ಅವಳನ್ನು ಮಾಟಗಾತಿ ಅನ್ನುತ್ತಾರೆ.

ಇಲ್ಲಿವರೆಗೆ ಸರಾಗವಾಗಿ ಬಂತು. ಈಗ ನಿಂತುಬಿಟ್ಟಿದ್ದೇನೆ. ಬದುಕಿರುವ ಇಬ್ಬರು ಹುಡುಗರಿಗೆ ಕೊನೆಯಲ್ಲಿ ಮದುವೆ ಮಾಡಿಸಬೇಕು ಅಂತ ನನ್ನ ಹಟ. ಹೇಗೆ ಮಾಡಿಸಲಿ? ದೆವ್ವವನ್ನು ನಂಬುವ ಓದುಗರು ಈ ಮದುವೆಯನ್ನು ನಂಬುತ್ತಾರಾ?

ಮಾಳದಕಾಡು

ಕಾರ್ಕಳದವನು ನಾನು. ಮೊದಲು ಒಂದು ತಪ್ಪು ಹೇಳಿಬಿಡುತ್ತೇನೆ, ಬೇಜಾರು ಮಾಡಬೇಡಿ. ನಿಮ್ಮ ಅಳಿಯ ಕುಲೆ ಮದುವೆ ನೋಡುವ ಹಾಗೇ ಇಲ್ಲ. ಮಕ್ಕಳು ಮತ್ತು ಮದುವೆಯಾಗದವರು ಅದನ್ನು ನೋಡಬಾರದು ಅಂತ ಕಟ್ಟುನಿಟ್ಟು. ಸೀರೆ ಜಾರುವುದನ್ನು ಅವನು ಕಣ್ಣಾರೆ ಕಂಡ ಅಂತ ಬರೆದರೆ ನಮ್ಮ ಕಡೆಯವರು ಅಲ್ಲೇ ಪುಸ್ತಕ ಮುಚ್ಚುತ್ತಾರೆ.

ನಮ್ಮ ಮನೆಯಲ್ಲಿ ನಡೆದಾಗ ನನಗೆ ಹನ್ನೊಂದು ವರ್ಷ. ಅಜ್ಜಿಯ ತಂಗಿ ಮಗುವಾಗಿದ್ದಾಗಲೇ ಹೋಗಿದ್ದರು, ಅವರಿಗೆ ಮದುವೆ. ನಮ್ಮನ್ನೆಲ್ಲ ಪಕ್ಕದ ಮನೆಗೆ ಅಟ್ಟಿದರು. ನಾನು ಅಡಿಕೆ ಒಣಹಾಕುವ ಅಂಗಳದ ತನಕ ಕದ್ದು ಬಂದೆ. ಕಂಡದ್ದು ಬರೀ ಚಪ್ಪಲಿಗಳ ಸಾಲು. ಒಳಗಿಂದ ಯಾರೋ "ಮದುಮಗಳು ಸೀರೆ ಉಟ್ಟುಕೊಳ್ಳಲಿ, ಸ್ವಲ್ಪ ಹೊತ್ತು ಬಿಡಿ" ಅಂದರು. ಆಮೇಲೆ ಎಲ್ಲರೂ ಸುಮ್ಮನಾದರು. ಆ ಹೊತ್ತು ನನಗೆ ಇವತ್ತಿಗೂ ನೆನಪಿದೆ. ನಿಜವಾಗಿಯೂ ಒಬ್ಬಳು ಸೀರೆ ಉಡುತ್ತಿದ್ದಾಳೆ ಅಂತಲೇ ಎಲ್ಲರೂ ಕಾಯುತ್ತಿದ್ದರು.

ಪತ್ರೊಡೆ_ಆಂಟಿ

ಮಾಳದವರು ಹೇಳಿದ್ದು ಸರಿ. ನಮ್ಮಲ್ಲೂ ಹಾಗೇ. ಊಟ ಮಾತ್ರ ನಿಜವಾದ ಮದುವೆಯದ್ದೇ. ಕೋಳಿ ಸುಕ್ಕ, ಮೀನು ಫ್ರೈ, ಕಡ್ಲೆ ಬಲ್ಯಾರ್. ಕತೆಯಲ್ಲಿ ಅದನ್ನು ಮರೆಯಬೇಡಿ.

ನಲವತ್ತೊಂದು

ಮಾಳದಕಾಡು ಅವರೇ, ನೀವು ಅದನ್ನು ತಪ್ಪು ಅಂದಿರಿ. ನನಗೆ ಅದೇ ಈ ಕತೆಯ ಜೀವ ಅನ್ನಿಸುತ್ತಿದೆ.

ನಾನು ಗೇ. ವಯಸ್ಸು ಹೆಸರಲ್ಲೇ ಇದೆ. ಹದಿನಾಲ್ಕು ವರ್ಷದಿಂದ ಒಬ್ಬನ ಜೊತೆಗೇ ಇದ್ದೇನೆ. ಆದರೆ ನಮ್ಮ ಮನೆಯಲ್ಲಿ ನಾನು ಇನ್ನೂ "ಮದುವೆ ಆಗದ ಹುಡುಗ". ತಮ್ಮನ ಗೃಹಪ್ರವೇಶದಲ್ಲಿ ಜೋಡಿ ಜೋಡಿಯಾಗಿ ಕೂರಬೇಕಿತ್ತು, ನನ್ನನ್ನು ಎಲೆ ಹಾಕಲು ಕಳಿಸಿದರು. ತಮ್ಮನಿಗೂ ನನಗೂ ಏಳು ವರ್ಷ ಅಂತರ. ಅವನು ಒಳಗೆ, ನಾನು ಹೊರಗೆ. ನನ್ನವನು ಗೇಟಿನ ಹತ್ರ ಬೈಕ್ ಮೇಲೆ ಕೂತಿದ್ದ, "ಫ್ರೆಂಡ್" ಅಂತ.

ನಿಮ್ಮ ಅಳಿಯನನ್ನು ಬಾಗಿಲ ಹೊರಗೇ ನಿಲ್ಲಿಸಿ. ಸೀರೆ ಜಾರಿದ್ದು ಅವನಿಗೆ ಶಬ್ದದಿಂದ ಗೊತ್ತಾಗಲಿ. ಹೆಣ್ಣಿನ ಕಡೆಯ ಹುಡುಗನೂ ಮದುವೆಯಾಗದವನೇ ತಾನೇ? ಅವನೂ ಹೊರಗೇ ಇರಬೇಕು. ಇಬ್ಬರೂ ಒಟ್ಟಿಗೆ ಸಿಗುವುದು ಅಲ್ಲೇ.

ಅಟ್ಟದಪೆಟ್ಟಿಗೆ

ಇದನ್ನು ಓದಿ ಎದ್ದು ಸ್ವಲ್ಪ ಓಡಾಡಿಕೊಂಡು ಬಂದೆ. ಮೂರನೇ ಅಧ್ಯಾಯ ಪೂರ್ತಿ ತೆಗೆದುಹಾಕುತ್ತೇನೆ. ಇಬ್ಬರೂ ಅಂಗಳದಲ್ಲಿ, ಚಪ್ಪಲಿಗಳ ನಡುವೆ. ನಿಮ್ಮಿಬ್ಬರಿಗೂ ತುಂಬಾ ಥ್ಯಾಂಕ್ಸ್.

ಪತ್ತೇದಾರಿಪ್ರಿಯ

ಪ್ರೀತಿ ಗೀತಿ ಆಮೇಲೆ. ಸಾವು ಹೇಗಾಯಿತು? ಆಟಿ ಅಮಾವಾಸ್ಯೆ ಅಂತ ದಿನ ಇಟ್ಟಿದ್ದೀರಿ, ಬೇಕಂತಲೇ ಇಟ್ಟದ್ದಾ? ಅವತ್ತು ಬೆಳಗಾಗುವ ಮೊದಲು ಪಾಲೆ ಮರದ ತೊಗಟೆ ತಂದು ಕಷಾಯ ಮಾಡಿ ಕುಡಿಯುತ್ತಾರೆ. ಕತ್ತಲಲ್ಲಿ ಪಾಲೆ ಬದಲು ಕಾಸರಕದ ತೊಗಟೆ ಕೆತ್ತಿ ತಂದರೆ ಮುಗಿಯಿತು, ಅದರಲ್ಲಿ ಸ್ಟ್ರಿಕ್ನಿನ್ ವಿಷ ಇರುತ್ತದೆ. ಮರ ಸರಿಯಾಗಿ ಗುರುತಿಸಿ ಅಂತ ವೈದ್ಯರು ಎಚ್ಚರಿಸುತ್ತಲೇ ಇರುತ್ತಾರೆ. ಇಡೀ ಊರು "ಮರ ತಪ್ಪಿತು, ಪಾಪ" ಅಂದುಕೊಂಡಿರಬಹುದು. ನಿಜವಾಗಿ ತಪ್ಪಿತ್ತಾ?

ಪತ್ರೊಡೆ_ಆಂಟಿ

ಅಯ್ಯೋ ಮೈ ಜುಂ ಅಂತು. ಆದರೆ ಒಂದು ಮಾತು. ತೊಗಟೆಯನ್ನು ಕಲ್ಲಿನಿಂದ ಜಜ್ಜಿ ತೆಗೆಯುತ್ತಾರೆ, ಕತ್ತಿ ಮುಟ್ಟಿಸುವುದಿಲ್ಲ. ಆಮೇಲೆ ಬೆಳ್ಳುಳ್ಳಿ, ಓಮ, ಕರಿಮೆಣಸು ಹಾಕಿ ಅರೆಯುತ್ತೇವೆ. ಬಿಳಿ ಕಲ್ಲನ್ನು ಕೆಂಡದಲ್ಲಿ ಕಾಯಿಸಿ ಕಷಾಯಕ್ಕೆ ಹಾಕಿದರೆ ಚುಂಯ್ ಅನ್ನುತ್ತದೆ, ಅದೇ ಒಗ್ಗರಣೆ. ಕುಡಿದ ಮೇಲೆ ಉಷ್ಣ ಅಂತ ಮೆಂತೆ ಗಂಜಿ. ಕಷಾಯ ಮನೆಯವರೆಲ್ಲ ಕುಡಿಯುತ್ತಾರಲ್ವಾ? ಹಾಗಾದರೆ ಅವನೊಬ್ಬನೇ ಯಾಕೆ ಸತ್ತ?

ಪತ್ತೇದಾರಿಪ್ರಿಯ

ಆಂಟಿ, ನೀವು ಪತ್ತೇದಾರಿ ಕಾದಂಬರಿ ಬರೆಯಬೇಕು. ಅದೇ ಪ್ರಶ್ನೆ! ಒಬ್ಬನ ಲೋಟ ಮಾತ್ರ ಬೇರೆ. ತೊಗಟೆಯ ಮೇಲೆ ಕತ್ತಿಯ ಗುರುತು ಇತ್ತು. ಅಂದರೆ ಅದನ್ನು ತಂದವನಿಗೆ ಪದ್ಧತಿ ಬೇಕಿರಲಿಲ್ಲ, ವಿಷ ಬೇಕಿತ್ತು. ಮದ್ದು ಕೊಡುವ ಮುದುಕಿಗೆ ಅದು ನೋಡಿದ ಕೂಡಲೇ ಗೊತ್ತಾಯಿತು. ಅವಳು ಬಾಯಿ ಬಿಡುವ ಮೊದಲೇ ಊರವರು ಅವಳ ಮೇಲೇ ಮಾಟದ ಮಾತು ಹೊರಿಸಿದರು.

ಬೀದರ್‌ಬಿಸಿಲು

ಈಗ ಸರಿಯಾದ ದಾರಿಗೆ ಬಂದಿರಿ. ನಾನು ಹೇಳಬೇಕು ಅಂತಿದ್ದದ್ದು ಮುದುಕಿಯ ಬಗ್ಗೆಯೇ.

ಇಂಗ್ಲಿಷ್ ಪುಸ್ತಕದ ಮಾಟಗಾತಿಗೆ ಟೋಪಿ, ಬೆಕ್ಕು, ಗಿಡಮೂಲಿಕೆ ಅಂಗಡಿ ಇರುತ್ತದೆ. ಓದುವವರಿಗೆ ಅವಳು ಮುದ್ದು. ನಮ್ಮ ಕಡೆ ಬಾನಾಮತಿ, ಅಂದರೆ ಮಾಟ, ಸುಮ್ನೆ ಮಾತಲ್ಲ. ಕಲಬುರಗಿ, ಬೀದರ್ ಜಿಲ್ಲೆಗಳಲ್ಲಿ ಒಬ್ಬರ ಮೇಲೆ ಆ ಹೆಸರು ಬಿದ್ದರೆ ಬದುಕು ಮುಗಿದ ಹಾಗೆ. ನಮ್ಮ ಓಣಿಯಲ್ಲಿ ಒಬ್ಬ ಮುದುಕಿಗೆ ಹಾಗೆ ಹೆಸರು ಇಟ್ಟಿದ್ದರು. ಗಂಡ ಸತ್ತಿದ್ದ, ಮಕ್ಕಳಿರಲಿಲ್ಲ, ಎರಡು ಎಕರೆ ಹೊಲ ಇತ್ತು. ನನ್ನ ಅವ್ವ ಅವಳ ಮನೆಯಿಂದ ಮಜ್ಜಿಗೆ ತರಲು ನನ್ನನ್ನು ಕಳಿಸುತ್ತಿದ್ದಳು, ಓಣಿಯವರು ಬಾಗಿಲ ಸಂದಿಯಿಂದ ನೋಡುತ್ತಿದ್ದರು. ಆ ಮಜ್ಜಿಗೆಯಷ್ಟು ರುಚಿ ನಾನು ಮತ್ತೆಲ್ಲೂ ಕುಡಿದಿಲ್ಲ. ಹೊಲ ಕಡೆಗೆ ಮೈದುನನ ಮಕ್ಕಳ ಪಾಲಾಯಿತು.

ಬಿಹಾರದಲ್ಲಿ 1999ರಲ್ಲೇ ಇದಕ್ಕೆ ಕಾಯ್ದೆ ಮಾಡಿದರು, ಜಾರ್ಖಂಡ್‌ನಲ್ಲಿ 2001ರಲ್ಲಿ. ಅಸ್ಸಾಂನಲ್ಲಿ ಬಿರುಬಾಲಾ ರಾಭಾ ಅನ್ನುವ ಹೆಣ್ಣುಮಗಳು ಊರೂರು ತಿರುಗಿ ಎಷ್ಟೋ ಹೆಂಗಸರನ್ನು ಈ ಹಣೆಪಟ್ಟಿಯಿಂದ ಬಿಡಿಸಿದರು. ಅವರಿಗೆ 2021ರಲ್ಲಿ ಪದ್ಮಶ್ರೀ ಬಂತು. ದಯವಿಟ್ಟು ನಿಮ್ಮ ಮುದುಕಿಗೆ ನಿಜವಾಗಿ ಮಾಟ ಬರುತ್ತದೆ ಅಂತ ಮಾತ್ರ ತೋರಿಸಬೇಡಿ.

ಪತ್ತೇದಾರಿಪ್ರಿಯ

ಒಪ್ಪಲ್ಲ. ದೆವ್ವ ನಿಜ, ಮಾಟ ಮಾತ್ರ ಸುಳ್ಳು ಅಂದರೆ ಹೇಗೆ? ಈ ಥರದ ಕತೆ ಓದುವವರು ಮಾಯೆ ಬೇಕು ಅಂತಲೇ ಬರುತ್ತಾರೆ.

ಬೀದರ್‌ಬಿಸಿಲು

ಮಾಯೆ ಇರಲಿ. ಅವಳ ಕೈಯಲ್ಲಿ ಕೆಡುಕು ಬೇಡ ಅಂದೆ ಅಷ್ಟೆ. ಸತ್ತವರ ಮಾತು ಕೇಳಿಸುತ್ತದೆ ಅಂತ ಮಾಡಿ. ಊರಿಗೆ ಅದನ್ನು ತಡೆದುಕೊಳ್ಳಲು ಆಗಲಿಲ್ಲ.

ಚಾರ್ಲ್ಸ್‌ನದಿ

ಬಾಸ್ಟನ್ ಹತ್ರ ಇದ್ದೇನೆ, ಊರು ಸಾಗರ. ಇಲ್ಲಿಂದ ಸೇಲಂ ಒಂದು ಗಂಟೆ ದಾರಿಯೂ ಅಲ್ಲ. ಅಲ್ಲಿ ಮಾಟಗಾತಿಯರನ್ನು ಸುಟ್ಟರು ಅಂತ ಎಲ್ಲರೂ ಅಂದುಕೊಂಡಿದ್ದಾರೆ. ಯಾರನ್ನೂ ಸುಡಲಿಲ್ಲ. 1692ರಲ್ಲಿ 19 ಜನರನ್ನು ಗಲ್ಲಿಗೇರಿಸಿದರು. ಮೈಮೇಲೆ ಕಲ್ಲು ಹೇರಿ ಇನ್ನೊಬ್ಬರನ್ನು ಕೊಂದರು, ಅವರು ಎಂಬತ್ತು ದಾಟಿದ ಮುದುಕ. ಸತ್ತವರಲ್ಲಿ ಗಂಡಸರೂ ಇದ್ದರು. ನಾಲ್ಕೈದು ವರ್ಷದ ಒಂದು ಮಗುವನ್ನೂ ಜೈಲಿಗೆ ಹಾಕಿದ್ದರು. ತಪ್ಪಿತಸ್ಥೆ ಅಂತ ಉಳಿದಿದ್ದ ಕೊನೆಯ ಹೆಂಗಸಿನ ಹೆಸರನ್ನು ರಾಜ್ಯ ಬಿಡುಗಡೆ ಮಾಡಿದ್ದು 2022ರಲ್ಲಿ. ಅದಕ್ಕೆ ಓಡಾಡಿದ್ದು ಶಾಲೆಯ ಮಕ್ಕಳು ಮತ್ತು ಅವರ ಟೀಚರ್.

ಇದನ್ನು ಯಾಕೆ ಹೇಳಿದೆ ಅಂದರೆ, ಅದೇ ಮ್ಯಾಸಚೂಸೆಟ್ಸ್ 2004ರ ಮೇ 17ರಂದು ಅಮೆರಿಕದಲ್ಲೇ ಮೊದಲು ಗಂಡು-ಗಂಡು, ಹೆಣ್ಣು-ಹೆಣ್ಣು ಮದುವೆ ದಾಖಲು ಮಾಡಿದ ರಾಜ್ಯ. ನಾನು ಇಲ್ಲಿ ಅಂಥ ಒಂದು ಮದುವೆಗೆ ಹೋಗಿದ್ದೆ. ಒಬ್ಬ ನಮ್ಮ ಕನ್ನಡದ ಹುಡುಗ. ಅವನ ಅಮ್ಮ ಊರಿಂದ ಬಂದಿದ್ದರು. ಶಾಸ್ತ್ರ ಮಾಡುವವರಿಗೆ ಧಾರೆ ಯಾರು ಯಾರಿಗೆ ಎರೆಯಬೇಕು ಅಂತ ಗೊಂದಲ. ಅಮ್ಮನೇ ಎದ್ದು, ಇಬ್ಬರ ಕೈ ಸೇರಿಸಿ ಹಿಡಿದು, ಎರಡೂ ಕಡೆ ನಾನೇ ಎರೆಯುತ್ತೇನೆ ಅಂತ ಎರೆದುಬಿಟ್ಟರು. ಹಾಲ್‌ನಲ್ಲಿದ್ದ ಎಲ್ಲರೂ ಅತ್ತೆವು.

ಮೌನಿ77

ಅದೆಲ್ಲ ಅಮೆರಿಕದ ಕತೆ. ನಮ್ಮ ಮಣ್ಣಿನಲ್ಲಿ ಸಲಿಂಗಕಾಮಿಗಳ ಮದುವೆ ಅನ್ನುವುದು ಎಲ್ಲಿತ್ತು? ಕುಲೆ ಮದುವೆಯಂಥ ಶಾಸ್ತ್ರದೊಳಗೆ ಇದನ್ನು ತುರುಕುವುದು ಸರಿ ಕಾಣಲ್ಲ. ನೋವು ಮಾಡಲು ಹೇಳುತ್ತಿಲ್ಲ, ಅನ್ನಿಸಿದ್ದು ಹೇಳಿದೆ.

ನಲವತ್ತೊಂದು

ಮೊದಲು ಆ ಪದ ಬಿಡಿ. ನಿಮ್ಮನ್ನು ಯಾರಾದರೂ "ವಿಲಿಂಗಕಾಮಿ" ಅಂತ ಪರಿಚಯ ಮಾಡಿಸುತ್ತಾರಾ? ಗೇ ಅನ್ನಿ, ಸಲಿಂಗಿ ಅನ್ನಿ, ಸಲಿಂಗಪ್ರೇಮಿ ಅನ್ನಿ. ಹದಿನಾಲ್ಕು ವರ್ಷ ಒಬ್ಬನಿಗೆ ಶುಗರ್ ಮಾತ್ರೆ ನೆನಪಿಸಿದ್ದೇನೆ, ಅದಕ್ಕೆ ಕಾಮ ಅನ್ನುತ್ತೀರಾ?

ಮೌನಿ77

ಪದದ ವಿಷಯ ಒಪ್ಪಿದೆ. ಪತ್ರಿಕೆಗಳಲ್ಲಿ ಹಾಗೇ ಓದಿ ರೂಢಿಯಾಗಿತ್ತು. ಆದರೆ ಪ್ರಶ್ನೆ ಹಾಗೇ ಇದೆ.

ಓದುಬಾಕ

ಮೌನಿ ಅವರೇ, ಸೋಮವಾರ ವ್ರತದ ಸೀಮಂತಿನಿ ಕತೆ ನಿಮ್ಮ ಮನೆಯಲ್ಲೂ ಓದಿರಬೇಕು. ಅದರ ಮುಂದಿನ ಭಾಗ ಗೊತ್ತಾ? ಸ್ಕಂದ ಪುರಾಣದಲ್ಲಿದೆ. ವಿದರ್ಭದಲ್ಲಿ ಇಬ್ಬರು ಗೆಳೆಯರು, ಸುಮೇಧ ಮತ್ತು ಸಾಮವಾನ್. ಮದುವೆಗೆ ಹಣ ಬೇಕು ಅಂತ ರಾಜನ ಹತ್ರ ಹೋದರು. ಸೀಮಂತಿನಿ ರಾಣಿ ಸೋಮವಾರ ದಂಪತಿ ಪೂಜೆ ಮಾಡಿ ದಾನ ಕೊಡುತ್ತಾಳೆ, ನಿಮ್ಮಲ್ಲೊಬ್ಬ ಹೆಣ್ಣಿನ ವೇಷ ಹಾಕಿ ಹೋಗಿ ಅಂದ ರಾಜ. ಹೋದರು. ಅವಳಿಗೆ ವೇಷ ಗೊತ್ತಾಯಿತು, ಆದರೂ ಇಬ್ಬರನ್ನೂ ಶಿವ-ಪಾರ್ವತಿ ಅಂತಲೇ ಪೂಜೆ ಮಾಡಿದಳು. ಆ ಭಕ್ತಿಗೆ ಸಾಮವಾನ್ ನಿಜವಾಗಿ ಹೆಣ್ಣಾಗಿಬಿಟ್ಟ. ವಾಪಸ್ ಬರುವಾಗ ಕಾಡಿನಲ್ಲಿ ಗೆಳೆಯನನ್ನು ಬಯಸಿದಳು. ಮನೆಯಲ್ಲಿ ರಂಪ. ಕೊನೆಗೆ ದೇವಿಯೇ "ಇದನ್ನು ಬದಲಿಸಲು ಆಗದು" ಅಂದಮೇಲೆ ಇಬ್ಬರಿಗೂ ಮದುವೆ ಆಯಿತು.

ಮಹಾಭಾರತದ ಶಿಖಂಡಿಯನ್ನು ನೋಡಿ. ಹೆಣ್ಣಾಗಿ ಹುಟ್ಟಿ, ಗಂಡಾಗಿ ಬೆಳೆದು, ದಶಾರ್ಣದ ರಾಜಕುಮಾರಿಯನ್ನು ಮದುವೆ ಆದದ್ದು. ಗುಟ್ಟು ಹೊರಬಿದ್ದು, ಹೆಣ್ಣಿನ ಅಪ್ಪ ಯುದ್ಧಕ್ಕೆ ನಿಂತ ಹೊತ್ತಿಗೆ ಕಾಡಿಗೆ ಹೋದಾಗ ಸ್ಥೂಣಾಕರ್ಣ ಅನ್ನುವ ಯಕ್ಷ ತನ್ನ ಗಂಡುತನವನ್ನು ಸಾಲ ಕೊಟ್ಟ. ದೆವ್ವ, ಮದುವೆ, ಗುಟ್ಟು ಮೂರೂ ಇವೆ. ಎಲ್ಲಿತ್ತು ಅಂತ ಕೇಳುತ್ತೀರಲ್ಲ!

ಅಟ್ಟದಪೆಟ್ಟಿಗೆ

ಓದುಬಾಕ ಅವರೇ, ಈ ಕತೆಗಳು ನನಗೂ ಇಷ್ಟ. ಆದರೆ ನಾನು ನಿಂತಿರುವುದೇ ಅಲ್ಲಿ. ಗಮನಿಸಿ, ಪ್ರತಿ ಸಲ ಮಾಯೆ ಬಂದು ಒಂದು ದೇಹವನ್ನು ಬದಲಿಸುತ್ತದೆ. ಒಬ್ಬ ಗಂಡು, ಒಬ್ಬಳು ಹೆಣ್ಣು ಆದಮೇಲೆಯೇ ಮದುವೆಗೆ ಒಪ್ಪಿಗೆ. ನನಗೆ ಅದು ಬೇಡ. ನನ್ನ ಅಳಿಯ ಗಂಡಾಗಿಯೇ ಇರಬೇಕು. ಅವನ ಗೆಳೆಯನೂ ಗಂಡಾಗಿಯೇ ಇರಬೇಕು. ಇಷ್ಟು ದೊಡ್ಡ ಮಾಯೆ ಇರುವ ಲೋಕದಲ್ಲಿ ಇಬ್ಬರನ್ನು ಇದ್ದ ಹಾಗೇ ಬಿಡುವುದು ಯಾಕೆ ಅಷ್ಟು ಕಷ್ಟ?

ಓದುಬಾಕ

ಇದಕ್ಕೆ ನನ್ನ ಹತ್ರ ಪುರಾಣ ಇಲ್ಲ. ಆದರೆ ರಾಜಸ್ತಾನಿ ಲೇಖಕ ವಿಜಯದಾನ ದೇಥಾ ಜನಪದದಿಂದ ಎತ್ತಿ ಬರೆದ ಒಂದು ಕತೆ ಇದೆ. ಬೀಜಾ, ತೀಜಾ ಇಬ್ಬರೂ ಹುಡುಗಿಯರು. ಅಪ್ಪಂದಿರ ಮಾತಿಗಾಗಿ ಬೀಜಾಳನ್ನು ಗಂಡಿನ ಹಾಗೆ ಬೆಳೆಸಿ ಮದುವೆ ಮಾಡುತ್ತಾರೆ. ಗೊತ್ತಾದ ಮೇಲೂ ಇಬ್ಬರೂ ಬಿಡುವುದಿಲ್ಲ. ಊರು ಓಡಿಸುತ್ತದೆ, ದೆವ್ವಗಳು ಜಾಗ ಕೊಡುತ್ತವೆ. ದೆವ್ವಗಳ ಒಡೆಯ ಬೀಜಾಳನ್ನು ಗಂಡು ಮಾಡುತ್ತಾನೆ. ಆಗ ಬೀಜಾ ಯಜಮಾನಿಕೆ ತೋರಿಸಲು ಶುರು ಮಾಡುತ್ತಾಳೆ. ಕೊನೆಗೆ ತನಗೇ ಅರಿವಾಗಿ ಮತ್ತೆ ಹೆಣ್ಣೇ ಆಗುತ್ತಾಳೆ. ಇಬ್ಬರೂ ಹೆಣ್ಣಾಗಿಯೇ ಒಟ್ಟಿಗೆ ಬದುಕುತ್ತಾರೆ. ನೀವು ಕೇಳಿದ್ದು ಇದನ್ನೇ ಅಲ್ವಾ?

ಅಟ್ಟದಪೆಟ್ಟಿಗೆ

ಇದನ್ನೇ.

ವಕೀಲಮ್ಮ

ಕಾನೂನಿನ ಭಾಗ ನಾನು ಹೇಳುತ್ತೇನೆ, ಆಮೇಲೆ ತಪ್ಪಾಗಬಾರದು. 1991ರಲ್ಲಿ ಗಂಡಸರ ನಡುವಿನ ಲೈಂಗಿಕ ಸಂಬಂಧವನ್ನು ಅಪರಾಧ ಅನ್ನುವ 377ನೇ ಕಲಂ ಜಾರಿಯಲ್ಲಿತ್ತು. ಸತ್ತವನ ಸಂಬಂಧ ಹೊರಬಿದ್ದಿದ್ದರೆ ಕೇಸ್ ಆಗಬಹುದಿತ್ತು. ಅಂದರೆ ಕೊಂದವನಿಗೆ ಬೆದರಿಸಲು ಒಳ್ಳೆಯ ಆಯುಧ ಸಿಕ್ಕಿತು, ಅದನ್ನು ಬಳಸಿಕೊಳ್ಳಿ. ದೆಹಲಿ ಹೈಕೋರ್ಟ್ 2009ರಲ್ಲಿ ಅದನ್ನು ಸಡಿಲಿಸಿತು, ಸುಪ್ರೀಂ ಕೋರ್ಟ್ 2013ರಲ್ಲಿ ಮತ್ತೆ ತಂದು ಕೂರಿಸಿತು. ಕೊನೆಗೆ 2018ರ ಸೆಪ್ಟೆಂಬರ್ 6ರಂದು ಒಪ್ಪಿಗೆಯಿರುವ ವಯಸ್ಕರ ಸಂಬಂಧ ಅಪರಾಧವಲ್ಲ ಅಂತ ಆಯಿತು.

ಮದುವೆ ಬೇರೆ ವಿಷಯ. 2023ರ ಅಕ್ಟೋಬರ್ 17ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ, ಮದುವೆಯಾಗುವುದು ಮೂಲಭೂತ ಹಕ್ಕಲ್ಲ, ಕಾನೂನು ಮಾಡುವುದು ಸಂಸತ್ತಿನ ಕೆಲಸ ಅಂದಿತು. ಮರುಪರಿಶೀಲನೆ ಅರ್ಜಿಗಳೂ 2025ರ ಜನವರಿಯಲ್ಲಿ ಬಿದ್ದುಹೋದವು. ಹಾಗಾಗಿ ಹುಡುಗರನ್ನು ಸಬ್ ರಿಜಿಸ್ಟ್ರಾರ್ ಕಚೇರಿಗೆ ಕಳಿಸಿ ಮದುವೆ ಆಯಿತು ಅಂತ ಮುಗಿಸಬೇಡಿ. ವಿಶೇಷ ವಿವಾಹ ಕಾಯ್ದೆಯ 30 ದಿನದ ನೋಟಿಸ್ ಹಚ್ಚುವ ಹಂತಕ್ಕೂ ಅವರು ಹೋಗುವುದಿಲ್ಲ.

ಚಾರ್ಲ್ಸ್‌ನದಿ

ನೇಪಾಳಕ್ಕೆ ಕಳಿಸಿದರೆ? ಅಲ್ಲಿ 2023ರ ನವೆಂಬರ್‌ನಲ್ಲಿ ಲಮ್ಜುಂಗ್ ಜಿಲ್ಲೆಯಲ್ಲಿ ಒಂದು ಜೋಡಿಯ ಮದುವೆ ದಾಖಲಾಯಿತು. ಥಾಯ್ಲೆಂಡ್‌ನಲ್ಲಿ 2025ರ ಜನವರಿಯಿಂದ ಕಾನೂನೇ ಇದೆ.

ನಲವತ್ತೊಂದು

ಬೇಡ. ವಿಮಾನ ಹತ್ತಿ ಹೋಗಿ ಆಗುವ ಮದುವೆ ನಮಗೆ ಯಾವಾಗಲೂ ಇದೆ, ದುಡ್ಡಿದ್ದರೆ. ಈ ಕತೆಯ ಮದುವೆ ಅದೇ ಅಂಗಳದಲ್ಲಿ ಆಗಬೇಕು.

ವಕೀಲಮ್ಮ

ಇನ್ನೊಂದು. ಕತೆಯಲ್ಲಿ ಅಳಿಯನಿಗೆ "ಮಾವನ ಪ್ರೇತ ಮೆಟ್ಟಿದೆ, ಅದಕ್ಕೇ ಗಂಡಸರ ಕಡೆ ಮನಸ್ಸು" ಅಂತ ಮಂತ್ರವಾದಿ ಹತ್ರ ಕರೆದೊಯ್ಯುವ ದೃಶ್ಯ ಬರೆಯಬೇಕು ಅನ್ನಿಸಿದರೆ, ವಾಮಾಚಾರ ತಡೆಯುವ ನಮ್ಮ ರಾಜ್ಯದ 2017ರ ಕಾಯ್ದೆ ನೆನಪಿರಲಿ. 2020ರ ಜನವರಿಯಲ್ಲಿ ಜಾರಿಗೆ ಬಂತು. ದೆವ್ವ ಬಿಡಿಸುವ ನೆಪದಲ್ಲಿ ಹೊಡೆಯುವುದು ಅಪರಾಧ. ಪೂಜೆ, ಜ್ಯೋತಿಷ್ಯಕ್ಕೆ ಅದು ಕೈ ಹಾಕುವುದಿಲ್ಲ. ವೈದ್ಯರಿಗೂ ಇದೇ ಥರ ನಿಷೇಧ ಇದೆ. 2021ರ ಜೂನ್‌ನಲ್ಲಿ ಮದ್ರಾಸ್ ಹೈಕೋರ್ಟ್ ಗೇ ಮಕ್ಕಳನ್ನು "ಸರಿ ಮಾಡುವ" ಚಿಕಿತ್ಸೆಗೆ ತಡೆ ಹಾಕಿತು.

ನಲವತ್ತೊಂದು

ಆ ದೃಶ್ಯ ಬೇಕಾದರೆ ನನ್ನದನ್ನು ತಗೊಳ್ಳಿ.

ನನಗೆ ಆಗ ಇಪ್ಪತ್ತೈದು. ಅಮ್ಮನಿಗೆ ಗೊತ್ತಾಯಿತು. ಯಾರೋ ಹೇಳಿದರು ಅಂತ ದೂರದ ಒಂದು ಊರಿಗೆ ಕರೆದುಕೊಂಡು ಹೋದರು. ಒಬ್ಬ ಮನುಷ್ಯ ನನ್ನ ತಲೆಯ ಸುತ್ತ ಏಳು ನಿಂಬೆಹಣ್ಣು ಸುಳಿದು ಒಂದೊಂದಾಗಿ ಕತ್ತರಿಸಿದ. "ಹೆಣ್ಣು ಪ್ರೇತ, ಬಾವಿಗೆ ಬಿದ್ದವಳು" ಅಂದ. ಹೊಡೆಯಲಿಲ್ಲ. ಎಡ ತೋಳಿಗೆ ತಾಯತ ಕಟ್ಟಿದ. ದಾರ ಎಷ್ಟು ಬಿಗಿಯಾಗಿತ್ತು ಅಂದರೆ ಸ್ನಾನ ಮಾಡುವಾಗ ಬೆರಳು ಒಳಗೆ ಹೋಗುತ್ತಿರಲಿಲ್ಲ. ವಾಪಸ್ ಬರುವಾಗ ಬಸ್ಸಿನಲ್ಲಿ ಅಮ್ಮ ನನಗೆ ಕಿತ್ತಳೆ ಸುಲಿದು ಕೊಟ್ಟರು. ಜ್ವರ ಬಿಟ್ಟ ಮಗುವಿಗೆ ಕೊಡುವ ಹಾಗೆ. ನನಗೆ ಅವರ ಮೇಲೆ ಸಿಟ್ಟೇ ಬರಲಿಲ್ಲ. ಆ ತಾಯತ ಒಂದೂವರೆ ವರ್ಷ ಹಾಗೇ ಇತ್ತು. ಅದನ್ನು ಬ್ಲೇಡಿನಿಂದ ಬಿಡಿಸಿದ್ದು ಇವನು, ನಾವು ಒಂದೇ ಕೋಣೆಗೆ ಬಂದ ಮೊದಲ ವಾರ. ಚರ್ಮ ಬಿಳಿಯಾಗಿತ್ತು.

ಬೀದರ್‌ಬಿಸಿಲು

ಅಣ್ಣಾ.

ಪತ್ರೊಡೆ_ಆಂಟಿ

ನಿಮ್ಮಿಬ್ಬರಿಗೂ ಒಮ್ಮೆ ನಮ್ಮ ಮನೆಗೆ ಊಟಕ್ಕೆ ಬನ್ನಿ. ಕರೆಯುತ್ತಿದ್ದೇನೆ, ಸುಮ್ನೆ ಬಾಯಿಮಾತಿಗಲ್ಲ.

ಮೌನಿ77

ನಲವತ್ತೊಂದು ಅವರೇ, ಬರೆದದ್ದಕ್ಕೆ ಥ್ಯಾಂಕ್ಸ್. ತುರುಕುವುದು ಅಂದಿದ್ದೆ, ಆ ಮಾತು ವಾಪಸ್ ತಗೊಳ್ಳುತ್ತೇನೆ.

ಟೀಪುಡಿ

ತಡವಾಗಿ ಬಂದೆ. ದೆವ್ವ ಬಾಗಿಲಿಗೆ ಬಂದು ಗುರುತಿನವರ ದನಿಯಲ್ಲಿ ಕರೆಯುವ ಹಾಗೆ ಮಾಡಬಹುದಲ್ಲ? ತೊಂಬತ್ತರ ದಶಕದಲ್ಲಿ ನಮ್ಮ ಬೆಂಗಳೂರಿನ ಬೀದಿಯಲ್ಲಿ ಎಲ್ಲರ ಬಾಗಿಲ ಮೇಲೂ ಸುಣ್ಣದಲ್ಲಿ "ನಾಳೆ ಬಾ" ಅಂತ ಬರೆದಿತ್ತು. ಅದನ್ನು ಓದಿ ದೆವ್ವ ವಾಪಸ್ ಹೋಗುತ್ತಂತೆ. ನಮ್ಮಜ್ಜಿಗೆ ಬರೆಯಲು ಬರುತ್ತಿರಲಿಲ್ಲ, ನನ್ನ ಕೈಲಿ ಬರೆಸಿದ್ದರು.

ಪತ್ತೇದಾರಿಪ್ರಿಯ

ನಮ್ಮ ಬೀದಿಯಲ್ಲೂ! ಆದರೆ ಅದು ಬೆಂಗಳೂರಿನದು. ಬೆಳ್ತಂಗಡಿಗೆ ಎಳೆಯಬೇಡಿ.

ಮುಖ್ಯ ವಿಷಯ: ಮಾವನ ಜೋಡಿ ಎಲ್ಲಿ? ಅವನೂ ಸತ್ತಿದ್ದಾನೆ ಅಂತ ಮಾಡಿ. ಇಬ್ಬರೂ ಒಂದೇ ದಿನ. ಓದುಗರು ಅಳುತ್ತಾರೆ.

ನಲವತ್ತೊಂದು

ಬೇಡವೇ ಬೇಡ. ನಮ್ಮ ಥರದವರು ಕತೆಯಲ್ಲಿ ಸತ್ತು ಸತ್ತು ಸಾಕಾಗಿದೆ. 2013ರಲ್ಲಿ ವಸುಧೇಂದ್ರ ಅವರ "ಮೋಹನಸ್ವಾಮಿ" ಬಂದಾಗ ನನ್ನ ಬದುಕನ್ನು ಕನ್ನಡದಲ್ಲಿ ಮೊದಲ ಸಲ ಓದಿದೆ. ಅದು ನಿಜದ ನೋವು, ಬೇಕಿತ್ತು. ಇದು ಪ್ರೇಮಕತೆ. ಇಲ್ಲಿ ಒಬ್ಬನಾದರೂ ಮುದುಕನಾಗಲಿ.

ಪತ್ತೇದಾರಿಪ್ರಿಯ

ಸಾವಿಲ್ಲದೆ ದೆವ್ವದ ಕತೆ ಹೇಗೆ ಸಾಧ್ಯ?

ಅಟ್ಟದಪೆಟ್ಟಿಗೆ

ಒಂದು ಸಾವು ಇದೆಯಲ್ಲ. ನಲವತ್ತೊಂದು ಅವರ ಮಾತೇ ನನಗೆ ಸರಿ ಕಾಣುತ್ತದೆ. ಮಾವನ ಜೋಡಿ ಬದುಕಿದ್ದಾನೆ. ಅರವತ್ತು ದಾಟಿದೆ. ಮದುವೆಯಾಗಲಿಲ್ಲ. ಊರವರು ಅವನನ್ನೂ "ಒಂಟಿ" ಅಂತಲೇ ಕರೆಯುತ್ತಾರೆ. ಇಷ್ಟು ವರ್ಷ ಮುದುಕಿಗೆ ಅಕ್ಕಿ ತಂದುಕೊಡುತ್ತಿದ್ದವನು ಅವನೇ. ಆದರೆ ಮದುವೆ ಆಗಿತ್ತು ಅಂತ ಸಾಬೀತು ಮಾಡುವುದು ಹೇಗೆ? ಫೋಟೋ ಇಲ್ಲ, ಕಾಗದ ಇಲ್ಲ.

ಮಾಳದಕಾಡು

ಇದಕ್ಕೆ ಕಾಗದ ಯಾಕೆ ಬೇಕು? ನಮ್ಮಲ್ಲಿ ಮದುವೆ ಅಂದರೆ ಕೈ ಧಾರೆ. ಸೇರಿಸಿದ ಕೈಗಳ ಮೇಲೆ ಗಿಂಡಿಯಿಂದ ನೀರು ಬಿದ್ದರೆ ಅದು ಮದುವೆ. ಆಮೇಲಿನದೆಲ್ಲ ಸಡಗರ. ಮುದುಕಿ ಆಗ ನಲವತ್ತರ ಹೆಂಗಸು, ವಿಧವೆ. ಅವಳನ್ನು ಯಾವ ಮದುವೆಗೂ ಕರೆಯುತ್ತಿರಲಿಲ್ಲ. ಅವಳ ಮನೆಯಲ್ಲಿ ಒಂದೇ ಹಿತ್ತಾಳೆ ಗಿಂಡಿ ಇತ್ತು. ಅದರಿಂದಲೇ ಎರೆದಳು. ಸಾಕ್ಷಿಗೆ ಆ ಗಿಂಡಿ ಸಾಕು. ಅಳಿಯಸಂತಾನದ ಮನೆ ತಾನೇ? ಆ ಹಳೆಯ ಪದ್ಧತಿಯಲ್ಲಿ ಮಾವನ ಆಸ್ತಿ, ಮಾವನ ಪೆಟ್ಟಿಗೆ ಎಲ್ಲ ಅಕ್ಕನ ಮಗನಾದ ಅಳಿಯನಿಗೇ ಬರಬೇಕು. ಅಟ್ಟದ ಪೆಟ್ಟಿಗೆಯಲ್ಲಿ ಅವನಿಗೆ ಗಿಂಡಿ ಸಿಗಲಿ. ಮೂತಿಯ ಮೇಲೆ ಸಣ್ಣ ಚಪ್ಪಟೆ ಜಾಗ, ಒಮ್ಮೆ ಬಿದ್ದು ತಗ್ಗಾದದ್ದು. ಮುದುಕಿ ಅದನ್ನು ಬೆರಳಲ್ಲಿ ಮುಟ್ಟಿಯೇ ಗುರುತು ಹಿಡಿಯುತ್ತಾಳೆ, ಅವಳಿಗೆ ಕಣ್ಣು ಕಾಣಲ್ಲ.

ಅಟ್ಟದಪೆಟ್ಟಿಗೆ

ಮಾಳದಕಾಡು ಅವರೇ, ನಿಮಗೆ ಹೇಗೆ ಥ್ಯಾಂಕ್ಸ್ ಹೇಳಲಿ ಗೊತ್ತಾಗುತ್ತಿಲ್ಲ. ಬೆಳಗಿನ ಜಾವ ಮೂರು ಗಂಟೆಗೆ ಬರೆದದ್ದು ಇಲ್ಲಿ ಹಾಕುತ್ತಿದ್ದೇನೆ. ಇನ್ನೂ ತಿದ್ದಬೇಕು.

*ಮುದುಕಿ ಗಿಂಡಿಯನ್ನು ತೊಡೆಯ ಮೇಲಿಟ್ಟುಕೊಂಡಳು. "ನೀವು ಮದುವೆಯಾಗದವರು. ಕುಲೆ ಮದುವೆ ನೋಡಬಾರದು" ಅಂದಳು. ಅಳಿಯ ಎದ್ದು ಹೊರಡಲು ನೋಡಿದ. "ಕೂತುಕೋ" ಅಂದಳು. "ಮೊದಲು ನಿಮ್ಮದು ಮುಗಿಸುತ್ತೇನೆ. ಆಮೇಲೆ ನೋಡಬಹುದಲ್ಲ." ಹೊರಗೆ ಮಳೆ ಹಿಡಿದುಕೊಂಡಿತ್ತು. ಒಂಟಿಯಾದವನು ಒಲೆಯ ಹತ್ತಿರ ಎರಡು ಮಣೆ ತಂದಿಟ್ಟ. ಒಂದರ ಮೇಲೆ ಮಡಿಸಿದ ಹಳೆಯ ಪಂಚೆ. ಇನ್ನೊಂದರ ಮೇಲೆ ತಾನೇ ಕೂತ. ಮುದುಕಿ ಕೈ ಚಾಚಿ ಹುಡುಗರ ಕೈಗಳನ್ನು ಹುಡುಕಿದಳು. ಯಾವುದು ಯಾರದು ಅಂತ ಕೇಳಲಿಲ್ಲ. ನೀರು ತಣ್ಣಗಿತ್ತು.*

ಓದುಬಾಕ

ಪಂಚೆ ಜಾರಲಿಲ್ಲ ಅಂತ ಹೇಳಲೇ ಇಲ್ಲ ನೀವು. ಹೇಳಬೇಡಿ, ಹಾಗೇ ಬಿಡಿ.

ಪತ್ತೇದಾರಿಪ್ರಿಯ

ಕೊಂದವನು ಯಾರು ಅಂತ ಹೇಳದೆ ಮಲಗಬೇಡಿ. ನನ್ನ ಅನುಮಾನ ಅಳಿಯನ ಅಪ್ಪನ ಮೇಲೆ. ಗಿಂಡಿಯನ್ನು ಪೆಟ್ಟಿಗೆಯಲ್ಲಿ ಬಚ್ಚಿಟ್ಟದ್ದು ಅವನೇ, ಅಲ್ವಾ? ಮಗನಿಗೇ ಬರುವ ಆಸ್ತಿ, ಅವಸರ ಅವನಿಗೆ.

ಅಟ್ಟದಪೆಟ್ಟಿಗೆ

ಹತ್ತಿರ ಬಂದಿದ್ದೀರಿ.

ನಲವತ್ತೊಂದು

ಇವನಿಗೆ ಜೋರಾಗಿ ಓದಿ ಹೇಳಿದೆ. "ನೀರು ತಣ್ಣಗಿತ್ತು" ಅನ್ನುವಲ್ಲಿ ಕೈ ಹಿಡಿದುಕೊಂಡ. ಆಂಟಿ, ಊಟಕ್ಕೆ ಯಾವಾಗ ಬರಬೇಕು?

ಪತ್ರೊಡೆ_ಆಂಟಿ

ಆಟಿ ತಿಂಗಳಲ್ಲೇ ಬನ್ನಿ, ಕೆಸುವಿನ ಎಲೆ ಆಗ ಎಳೆಯದಾಗಿರುತ್ತದೆ. ಮದುವೆಯಾದ ಹೊಸದರಲ್ಲಿ ಹೆಣ್ಣುಮಕ್ಕಳು ಆಟಿಗೆ ತವರಿಗೆ ಬರುತ್ತಾರೆ. ನೀವಿಬ್ಬರೂ ಹಾಗೇ ಬನ್ನಿ. ಖಾರ ಎಷ್ಟು ತಿನ್ನುತ್ತೀರಿ ಅಂತ ಮಾತ್ರ ಮೊದಲೇ ಹೇಳಿ.